ಮಂಡಿಯೂರಿದವರ ಕುರಿತು ವರದಿ

ವಿದ್ಯಾರಣ್ಯಪುರ ಬಸ್ಸಿನ ಕಿಟಕಿ ಸೀಟಿನ ಸಾಮ್ರಾಜ್ಞಿ ಧನಲಕ್ಷ್ಮಿಯವರ ದಿವ್ಯ ಸನ್ನಿಧಾನಕ್ಕೆ, ಮಾಜಿ ಪ್ರಿಯಕರ ಮುನಿರಾಜುವಿನ ಸಾಷ್ಟಾಂಗ ವರದಿ.

ಇಂದು ಸಂಜೆ ಸಂಜಯನಗರದ ನಮ್ಮ ಹಳೆಯ ದರ್ಶಿನಿಯ ಮುಂದೆ ನರೇಂದ್ರ ಮಹಾಶಯರು ಉಂಗುರ ಹಿಡಿದು ಮಂಡಿಯೂರಿದಾಗ, ಕಂಬದ ಹಿಂದೆ ಕಾಫಿ ಹಿಡಿದು ನಾನೂ ಇದ್ದೆ. ಪಾಪ, ಸಾಂಬಾರು ಚೆಲ್ಲಿದ ಜಾಗದಲ್ಲೇ ಊರಿದರು. ತಾವು ಬಾಯಿಗೆ ಕೈ ಅಡ್ಡ ಹಿಡಿದು ನಿಂತೇ ಇದ್ದಿರಿ. “ಹೂಂ ಅನ್ನಮ್ಮಾ, ಪ್ಯಾಂಟ್ ಹಾಳಾಗ್ತೈತೆ!” ಎಂದು ಕೂಗಿದ್ದು ನಾನೇ. ಜನ ನಕ್ಕರು, ತಾವು ಹೂಂ ಅಂದಿರಿ. ಆದ್ದರಿಂದ ಕಾರ್ಯಕ್ರಮದ ಯಶಸ್ಸು ಪೂರ್ತಿ ನನ್ನದು.

ಒಂದು ಸಣ್ಣ ತಿದ್ದುಪಡಿ, ಧನು. ಎರಡು ವರ್ಷದ ಹಿಂದೆ ಅಲ್ಲೇ ನಿನ್ನ ಮುಂದೆ ಮಂಡಿಯೂರಿದ್ದೆ. ನೀನು “ಏನೋ ಇದು?” ಅಂದದ್ದೇ ತಡ, “ಶೂ ಲೇಸ್ ಕಟ್ತಿದ್ದೀನಿ ಕಣೇ” ಅಂದುಬಿಟ್ಟೆ. ನೀನು ನಂಬಿ ನಕ್ಕೆ.

ಅವತ್ತು ನಾನು ಹಾಕಿದ್ದು ಚಪ್ಪಲಿ.