ಕುರಿ ಆರಿಸಿದ ಕಡಲಸೊಪ್ಪು

ಬೆಲ್ಲದ ಬಾಗೇವಾಡಿ
ಶುಕ್ರವಾರ, ೧೦-೨-೧೯೬೧

ಇಂದ್ರವ್ವನ ತಂದೆಯವರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂಬ ಸಾಲಿನಿಂದ ಶುರು ಮಾಡುವುದು ರೂಢಿ. ಇವತ್ತು ಆ ಸಾಲು ಕೈಗೆ ಬರುತ್ತಿಲ್ಲ. ಮಗಳ ಎದೆ ವಿಪರೀತ ಬಡಿದುಕೊಳ್ಳುತ್ತಿದೆ. ಕೈ ನಡುಗಿ, ಮುಂಜಾನೆಯ ಚಹವನ್ನೆಲ್ಲ ಸೀರೆಯ ಮೇಲೆ ಚೆಲ್ಲಿಕೊಂಡಳು. ಹುಕ್ಕೇರಿಯ ಡಾಕ್ಟರಿಗೆ ತೋರಿಸಿಕೊಂಡು ಈಗಷ್ಟೇ ಬಂದಿದ್ದೇವೆ. ಗುಳಿಗೆ ಕೊಟ್ಟಿದ್ದಾರೆ. ನಾಳೆ ಸಂಜೆಯೊಳಗೆ ಬಡಿತ ಇಳಿಯದಿದ್ದರೆ ಬೆಳಗಾವಿಗೆ ಒಯ್ಯಬೇಕಂತೆ. ನಿಮಗೆ ತಂತಿ ಕೊಡೋಣವೆಂದುಕೊಂಡೆ. ತಂತಿ ಕಂಡರೆ ನಿಮ್ಮ ಎದೆಯೂ ಬಡಿದುಕೊಂಡೀತು. ಒಂದು ಮನೆಗೆ ಒಂದು ಎದೆ ಸಾಕು.

ಇದಕ್ಕೆಲ್ಲ ಮೂಲ ನಿಮ್ಮ ಮೂರು ಪುಡಿಕೆಗಳು. ಮಗಳ ಗಂಟಲಲ್ಲಿ ಗಡ್ಡೆ ಎದ್ದಿದೆ ಎಂದು ಬರೆದಾಗ ನೀವು ಕಾರವಾರದ ಬಂಡೆಗಳಿಂದ ಕಿತ್ತು ಒಣಗಿಸಿದ ಕಡಲಸೊಪ್ಪು ಕಳಿಸಿದಿರಿ. ಹಸಿರು, ಕೆಂಪು, ಕಂದು. ಯಾವುದರಲ್ಲಿ ಯಾವ ಸತ್ವ ಎಷ್ಟಿದೆ ಎಂದು ತೂಗುವುದೇ ಅಲ್ಲಿ ನಿಮ್ಮ ನೌಕರಿಯಾದ್ದರಿಂದ ವಿವರವಾಗಿಯೇ ಬರೆದಿದ್ದಿರಿ. ಹಸಿರಿನದು ನಮ್ಮ ಕಾಯಿಪಲ್ಯದಂಥದೇ ಗುಣ. ಕೆಂಪಿನಲ್ಲಿ ಬೇಳೆಗೆ ಸಮನಾದ ಕಸುವು. ಗಡ್ಡೆಗೆ ಬೇಕಾದ ಅಯೋಡಿನ್ ಮೂರರಲ್ಲೂ ಇದ್ದರೂ ಕಂದಿನಲ್ಲಿ ಬಹಳ ಹೆಚ್ಚು. ಆದ್ದರಿಂದಲೇ ಅದು ವಾರಕ್ಕೊಮ್ಮೆ ಒಂದು ಚಿಟಿಕೆ, ಮೀರಿದರೆ ಎದೆಗೆ ಕೇಡು. ಇದನ್ನೆಲ್ಲ ನಿಮ್ಮ ತಾಯಿಗೂ ಓದಿ ಹೇಳಿದ್ದೆ.

ಮಗಳಿಗೆ ಕೊಡುವ ಮೊದಲು ನಾನೇ ರುಚಿ ನೋಡಿದೆ. ಹಸಿರನ್ನು ಪಲ್ಯ ಮಾಡಿದರೆ ಬಾವಿಯ ಮೆಟ್ಟಿಲು ನೆಕ್ಕಿದ ಹಾಗಾಯಿತು. ಕೆಂಪನ್ನು ಹಂಚಿನ ಮೇಲೆ ಹುರಿದು ಶೇಂಗಾ ಚಟ್ನಿಯಲ್ಲಿ ಕುಟ್ಟಿದೆ. ಯಾರಿಗೂ ಗೊತ್ತೇ ಆಗಲಿಲ್ಲ. ಹಸಿರು ಕೆಸರು, ಕೆಂಪು ಸೊಂಪು ಎಂದು ಪ್ರಾಸ ಕಟ್ಟಿ ಮಗಳನ್ನು ನಗಿಸಿದೆ. ಕಂದಿಗೆ ಪ್ರಾಸ ಸಿಗಲಿಲ್ಲ. ಅದನ್ನು ಗೋಡೆಯ ಮಾಡದಲ್ಲಿಟ್ಟು ಪಾಠ ಹೇಳಲು ಸಾಲಿಗೆ ಹೋದೆ.

ನಿಮ್ಮ ಮನೆತನದ ರಿವಾಜು ನಿಮಗೆ ಗೊತ್ತೇ ಇದೆ. ಗುರುತಿಲ್ಲದ ಸೊಪ್ಪು ಮನುಷ್ಯರ ಬಾಯಿಗೆ ಹೋಗುವ ಮೊದಲು ಕುರಿಯ ಬಾಯಿಗೆ ಹೋಗಬೇಕು. ಅತ್ತಿ ಮೂರನ್ನೂ ಅಂಗೈಯಲ್ಲಿಟ್ಟುಕೊಂಡು ಗಂಟೆಕುರಿಯ ಮುಂದೆ ಹಿಡಿದಿದ್ದಾರೆ. ಅದು ಹಸಿರನ್ನು ಮೂಸಿತು, ಕೆಂಪಿಗೆ ಸೀನಿತು, ಕಂದನ್ನು ಕಸಿದುಕೊಂಡು ತಿಂದು ಅತ್ತಿಯ ಅಂಗೈಯನ್ನೂ ನೆಕ್ಕಿತು. ನೆಕ್ಕದೆ ಏನು? ಆ ಪುಡಿಕೆಯಲ್ಲಿ ಸಮುದ್ರದ ಉಪ್ಪು ಬಿಳಿ ಗೆರೆಯಾಗಿ ಅಂಟಿತ್ತು. ಉಪ್ಪು ಸವರಿದರೆ ನಮ್ಮ ಕುರಿ ಗೋಣಿಚೀಲವನ್ನೂ ಬಿಡುವುದಿಲ್ಲ. ಅತ್ತಿ ಮಾತ್ರ ತೀರ್ಪು ಸಿಕ್ಕಿತೆಂದು ತಿಳಿದರು. ಅಂದಿನಿಂದ ನಾನು ಸಾಲಿಗೆ ಹೋದ ಮೇಲೆ ದಿನಾಲೂ ಒಂದು ಮುಷ್ಟಿ ಕಂದುಸೊಪ್ಪನ್ನು ರೊಟ್ಟಿಯ ಹಿಟ್ಟಿನಲ್ಲಿ ನಾದಿ ಮೊಮ್ಮಗಳಿಗೆ ತಿನ್ನಿಸಿದ್ದಾರೆ.

ಈ ಅವಸರಕ್ಕೆ ಕಾರಣವಿದೆ. ಸೋಮವಾರ ತುಕ್ಕಾನಟ್ಟಿಯಿಂದ ಇಂದ್ರವ್ವನನ್ನು ನೋಡಲು ಬರುವವರಿದ್ದಾರೆ. ನಮ್ಮವರಲ್ಲಿ ಗಂಡಿನ ಕಡೆಯ ಹಿರಿ ಹೆಂಗಸು ಹುಡುಗಿಯ ಗಲ್ಲಕ್ಕೂ ಕೊರಳಿಗೂ ಅರಿಷಿಣ ಹಚ್ಚುತ್ತಾಳಲ್ಲ, ಆ ಕೈ ಗಡ್ಡೆಗೆ ತಾಗುತ್ತದೆ. ಕಣ್ಣಿಗೆ ಬೀಳದಂತೆ ಸೆರಗು ಸುತ್ತುವುದನ್ನು ನಾನೇ ಅವಳಿಗೆ ಕಲಿಸಿದ್ದೆ. ಬೋರ್ಡಿಗೆ ಬರೆಯುವ ಖಡುವಿನ ಧೂಳಿಗಾಗಿ ಕ್ಲಾಸಿನಲ್ಲಿ ಸುತ್ತಿಕೊಂಡು ನನಗದು ರೂಢಿ. ಆದರೆ ಕೈಗೆ ಮರೆ ಮಾಡುವ ಸೆರಗು ಎಲ್ಲಿದೆ? ಅಷ್ಟರೊಳಗೆ ಕರಗಲಿ ಎಂದು ಅಜ್ಜಿ ತಿನ್ನಿಸಿದರು. ಕರಗಲಿ ಎಂದೇ ಮಗಳೂ ನನಗೆ ಹೇಳದೆ ತಿಂದಳು.

ಗೊತ್ತಾದ ಮೇಲೆ ಅತ್ತಿಯನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ನನ್ನ ಮಗ ಖಂಡೆಪ್ಪ ಪುಸ್ತಕ ಓದ್ಯಾನ. ಕುರಿ ಏನೂ ಓದಿಲ್ಲ, ಅದಕ್ಕ ಸುಳ್ಳ ಹೇಳಾಕ ಬರಾಂಗಿಲ್ಲ. ಕುರಿಗೆ ಒಗ್ಗಿದ್ದು ನನ್ನ ಕೂಸಿಗೆ ಯಾಕ ಒಗ್ಗಲಿಲ್ಲ ಯವ್ವಾ?”

ಬೈಯಬೇಕೆಂದರೂ ನನಗೆ ದನಿ ಏಳಲಿಲ್ಲ. ಹೋದ ದೀಪಾವಳಿಗೆ ನನ್ನ ಒರಟು ದನಿ ಕೇಳಿ, ಇವಳ ಸಿಟ್ಟು ಇನ್ನೂ ಇಳಿದಿಲ್ಲ ಎನ್ನುತ್ತ ಮರುದಿನವೇ ಬಸ್ಸು ಹತ್ತಿದಿರಿ. ಕಾರವಾರಕ್ಕೆ ಬಾ ಎಂದು ಕರೆದಾಗ ಸಾಲಿ ಬಿಟ್ಟು ಬರುವುದಿಲ್ಲ ಎಂದವಳು ನಾನೇ, ಸಿಟ್ಟೆಂದು ತಿಳಿದದ್ದರಲ್ಲಿ ನಿಮ್ಮ ತಪ್ಪಿಲ್ಲ. ಇವತ್ತಿನ ದನಿ ಕೇಳಿದ್ದರೆ ಜಿಲ್ಲೆಯನ್ನೇ ಬಿಡುತ್ತಿದ್ದಿರಿ.

ತುಕ್ಕಾನಟ್ಟಿಯವರಿಗೆ ಬರಬೇಡಿರೆಂದು ಹೇಳಿ ಕಳಿಸೋಣವೆಂದು ನಾನು. ಬರುವವರನ್ನು ತಡೆದರೆ ಹುಡುಗಿಗೆ ಏನೋ ಇದೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದು ಅತ್ತಿ. ಅವರು ಮಗಳ ಕಾಲ ಬಳಿ ಕೂತಿದ್ದಾರೆ, ಮುಂಜಾನೆಯಿಂದ ನೀರೂ ಮುಟ್ಟಿಲ್ಲ. ಅವಳು ಕರೆಯುತ್ತಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಮಂಗಳವಾರ

ಮೊದಲು ಇದನ್ನು ಓದಿರಿ: ಬಡಿತ ಇಳಿದಿದೆ. ಶನಿವಾರ ಸಂಜೆ ಗಾಡಿ ಹೂಡಿಸಿ ಬಾಗಿಲಲ್ಲೇ ನಿಲ್ಲಿಸಿದ್ದೆ. ನಾಡಿ ಹಿಡಿದು ನೋಡುತ್ತ ನೋಡುತ್ತ ಅದು ನಿಧಾನಕ್ಕೆ ಬಂತು. ಗಾಡಿ ಬಿಚ್ಚಿಸಿದೆ. ಮಗಳ ಕೈ ಇನ್ನೂ ಸ್ವಲ್ಪ ನಡುಗುತ್ತದೆ.

ತುಕ್ಕಾನಟ್ಟಿಯವರು ಬಂದು ಹೋದರು. ತಡೆಯಬೇಡ, ಬರಲಿ ಎಂದವಳು ಇಂದ್ರವ್ವ.

ಅರಿಷಿಣ ಹಚ್ಚಲು ಎದ್ದವರು ಹುಡುಗನ ದೊಡ್ಡವ್ವ ಯಲ್ಲಕ್ಕ. ಗಲ್ಲಕ್ಕೆ ಹಚ್ಚಿದರು. ಸೆರಗಿನೊಳಗೆ ಕೈ ಹೋಯಿತು, ಅಲ್ಲೇ ನಿಂತಿತು. ತಿರುಗಿ ನನ್ನ ಮುಖ ನೋಡಿದರು. ನೆಗಡಿಗೆ ಬಾತಿದೆ ಎಂಬ ಮಾತನ್ನು ನಾನು ನಾಲಗೆಯ ತುದಿಗೆ ತಂದುಕೊಂಡಿದ್ದೆ. ಅಷ್ಟರಲ್ಲಿ ಮಗಳು ತಾನೇ ಸೆರಗು ಸರಿಸಿದಳು.

“ಗಡ್ಡಿ ಐತ್ರಿ. ಔಷಧ ನಡದೈತಿ. ನೀವು ಬರೂದರಾಗ ಕರಗಲಿ ಅಂತ ಹೆಚ್ಚ ತಿಂದು ಸಾಯಾಕ ಹೊಂಟಿದ್ದೆ. ಇನ್ನ ಮುಚ್ಚಾಂಗಿಲ್ಲ ನಾ.”

ಯಲ್ಲಕ್ಕ ಇನ್ನೊಂದು ಚಿಟಿಕೆ ಅರಿಷಿಣ ತೆಗೆದುಕೊಂಡು ಗಡ್ಡೆಯ ಮೇಲೂ ನಿಧಾನವಾಗಿ ಹಚ್ಚಿದರು. ಹುಡುಗಿಗೆ ಬಾಯಿ ಜೋರೈತಿ ಎಂದರು. ಅತ್ತಿ ಸುಮ್ಮನಿರಬೇಕಲ್ಲ. “ಬಾಯಿ ತಾಯಿದು ಬಂದೈತ್ರಿ. ಗಡ್ಡಿ ಎಲ್ಲಿಂದ ಬಂತೋ ಆ ದೇವರಿಗೆ ಗೊತ್ತು” ಎಂದರು. ನಾನು ಚಹ ತರುವ ನೆವ ಮಾಡಿ ಒಳಗೆ ಹೋದೆ.

ಚಹ ಕುಡಿದರು, ಹೋಳಿಗೆಗೆ ಕೂರಲಿಲ್ಲ. ಹೇಳಿ ಕಳಿಸುತ್ತೇವೆ ಎಂದು ಎದ್ದರು. ಹಾಗೆ ಎದ್ದವರು ಏನು ಹೇಳಿ ಕಳಿಸುತ್ತಾರೆಂದು ನಮಗೆ ತಿಳಿಯದ್ದಲ್ಲ. ಅತ್ತಿ ಕಣ್ಣೊರೆಸಿಕೊಂಡರು. ಇಂದ್ರವ್ವ ಮಾತ್ರ ಬಂದವರ ಪಾಲಿನ ಹೋಳಿಗೆಯನ್ನೂ ತುಪ್ಪ ಹಾಕಿಸಿಕೊಂಡು ಉಂಡಳು. ಅರಿಷಿಣದ ಕೊರಳನ್ನು ಈವರೆಗೂ ತೊಳೆದಿಲ್ಲ, ಸೆರಗನ್ನೂ ಸುತ್ತಿಲ್ಲ.

ಉಳಿದ ಕಂದುಸೊಪ್ಪನ್ನು ಅತ್ತಿ ತಿಪ್ಪೆಗೆ ಚೆಲ್ಲಿ ಮಣ್ಣು ಮುಚ್ಚಿದರು. ಗಂಟೆಕುರಿ ಹೋಗಿ ಅಲ್ಲೇ ಕೆದರುತ್ತಿದೆ. ಸದ್ಯಕ್ಕೆ ಮಗಳಿಗೆ ಯಾವ ಸೊಪ್ಪೂ ಬೇಡ ಎಂದಿದ್ದಾರೆ ಡಾಕ್ಟರು. ಮುಂದೆ ಕೊಡುವುದಾದರೆ ಯಾವುದು, ಎಷ್ಟು ಎನ್ನಲು ಅವರಿಗೆ ನಿಮ್ಮ ತಕ್ಕಡಿಯ ಲೆಕ್ಕ ಬೇಕಂತೆ. ಕಾಗದದಲ್ಲಿ ಬರೆದ ಚಿಟಿಕೆ ಈ ಮನೆಗೆ ತಲುಪುವಷ್ಟರಲ್ಲಿ ಮುಷ್ಟಿಯಾಗುತ್ತದೆ. ಆದ್ದರಿಂದ ಲೆಕ್ಕವನ್ನು ನೀವೇ ತರುವುದು ಒಳ್ಳೆಯದು.

ಕಂದಿಗೆ ಪ್ರಾಸ ಸಿಕ್ಕಿದೆ: ಬಂದು. ಮುಂದಿನ ಸಾಲು ನಿಮಗೆ ಬಿಟ್ಟದ್ದು.

ಇಂದ್ರವ್ವನ ತಾಯಿ,
ಸಾವಿತ್ರವ್ವ

ತಾ.ಕ.: ಲೆಕ್ಕ ಇಬ್ಬರಿಗಾಗುವಂತೆ ಮಾಡಿರಿ. ಶುಕ್ರವಾರ ಮಗಳ ಕೊರಳು ನೋಡಿದ ಡಾಕ್ಟರು ನನ್ನ ಸೆರಗನ್ನೂ ಸರಿಸಲು ಹೇಳಿದರು. ನನ್ನ ಗಡ್ಡೆಯನ್ನು ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಇವತ್ತು ನಾನೂ ಸೆರಗು ಸುತ್ತದೆ ಸಾಲಿಗೆ ಹೋಗಿ ಬಂದೆ. ಗಡ್ಡೆ ಒತ್ತಿದರೆ ದನಿ ಒಡೆಯುತ್ತದಂತೆ. ದೀಪಾವಳಿಗೆ ನೀವು ಕೇಳಿದ ಒರಟು ದನಿ ಸಿಟ್ಟಿನದಲ್ಲ. ಪೂರ್ತಿ ಸಿಟ್ಟಿನದಲ್ಲ.