ನಾನು ನಿದ್ದೆ ಮಾಡ್ತಿರಲಿಲ್ಲ

ಸೋಮವಾರ, ಮಾರ್ಚ್ 9

ಅಪ್ಪಾ,

ಹೇಗಿದ್ದೀಯ? ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ತಡವಾಯಿತು, ಕ್ಷಮಿಸು ಅಂತ ಮೊದಲು ಬರಿ ಅಂದಳು ಅಮ್ಮ. ಕ್ಷಮಿಸಬೇಡ. ಬೇಕಂತಲೇ ಬರೆಯಲಿಲ್ಲ. ಫೋನಿನಲ್ಲಿ ಈ ಮಾತು ತೆಗೆದರೆ ಆ ಊರಲ್ಲಿ ನೀನೀಗ ಕೆಲಸಕ್ಕಿರೋ ಗೋದಾಮಿಗೆ ಲೋಡ್ ಬಂತು ಅಂತ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಹಾಗೆ ಮುಚ್ಚಿಸೋಕಾಗಲ್ಲ.

ಟೈಲರಮ್ಮನ ಅಂಗಡಿಯಲ್ಲಿ ಕಾಜಾ, ಗುಂಡಿ, ಅಂಚು ಹೊಲಿಗೆ ನನ್ನದು. ಮೂರು ತಿಂಗಳ ಹಿಂದೆ ಹೊರಗೆ ಯಾವುದೋ ಗಾಡಿ ಕಿರ್ರಂತ ಬ್ರೇಕ್ ಹಾಕಿತು. ಎದ್ದಿದ್ದೇ ಗೊತ್ತಿಲ್ಲ, ಕಟಿಂಗ್ ಟೇಬಲ್ ಕೆಳಗೆ ತಲೆ ಹಿಡಿದು ಕೂತಿದ್ದೆ. ಕೈಯಲ್ಲಿದ್ದ ಕತ್ತರಿ ಮಂಡಿಗೆ ಚುಚ್ಚಿಕೊಂಡಿತ್ತು. ಟೈಲರಮ್ಮ ಬಗ್ಗಿ ನೋಡಿ, "ಲೇ, ಮೈಯೊಂದು ಕೆಲಸಕ್ಕೆ ಬರುತ್ತೆ, ಜೀವ ಎಲ್ಲಿಟ್ಟು ಬರ್ತೀಯೇ?" ಅಂದರು. ಮಂಡಿಗೆ ಹೊಲಿಗೆ ಹಾಕಿಸೋಕೆ ಆಸ್ಪತ್ರೆಗೆ ಕರೆದುಕೊಂಡು ಹೋದವರು, ಅಲ್ಲೇ ಮನಸ್ಸಿನ ಡಾಕ್ಟರ ಮುಂದೆಯೂ ಕೂರಿಸಿದರು.

ಎರಡು ವರ್ಷ ನಾನು ಹೀಗೆ ಬೆಚ್ಚಿಬಿದ್ದಾಗೆಲ್ಲ ನೀವೆಲ್ಲ ಏನಂದಿರಿ? ಕೊಬ್ಬು, ನಾಟಕ. ಶಾಲೆ ಬಿಟ್ಟಾಗ ನೀನು ಮೈಗಳ್ಳಿ ಅಂದೆ. ಆ ಡಾಕ್ಟರು, "ಇದು ಕಾಯಿಲೆ ಕಣಮ್ಮ. ಕೆಟ್ಟದ್ದೇನೋ ಕಣ್ಣಾರೆ ನೋಡಿದ ಮೇಲೆ ಬರುತ್ತೆ, ನಿನ್ನ ವಯಸ್ಸಿನವರಿಗೂ ಬರುತ್ತೆ. ವಾಸಿ ಮಾಡಬಹುದು" ಅಂದರು.

"ನಾನೇನೂ ನೋಡಿಲ್ಲ. ನಿದ್ದೆ ಮಾಡ್ತಿದ್ದೆ" ಅಂದೆ.

ನೀನು ಬಾಯಿಪಾಠ ಮಾಡಿಸಿದ್ದೇ ಅದನ್ನ. ನೀನು ಓಡಿಸುತ್ತಿದ್ದ ಶಾಲೆ ವ್ಯಾನಿಗೆ ಲಾರಿ ಗುದ್ದಿತು, ವ್ಯಾನು ಕಾಲುವೆಗೆ ಬಿತ್ತು, ನನ್ನ ಗೆಳತಿ ಪಿಟೀಲು ಸತ್ತಳು, ನಾನು ನಿದ್ದೆಯಲ್ಲಿದ್ದೆ. ನಾನು ಸ್ಟೇಷನ್ನಿಗೆ ಅಲೆಯಬಾರದು ಅಂತ ಪೊಲೀಸರಿಗೆ ನೀನು ಹಾಗಂದೆ. ಸರಿ. ಅವಳ ಅಮ್ಮನಿಗೂ ಯಾಕೆ ಅದನ್ನೇ ಹೇಳಿದೆ? ಬಾಯಿಗೆ ಬಿಡುವೇ ಕೊಡಲ್ಲ ಅಂತ ಅವಳಿಗೆ ಆ ಹೆಸರಿಟ್ಟವನೇ ನೀನು. ಅವಳ ಪಕ್ಕ ಕೂತು ಯಾರಾದರೂ ನಿದ್ದೆ ಮಾಡಿದ್ದುಂಟಾ?

ಪ್ರತಿ ಗುರುವಾರ ಒಂದು ಗಂಟೆ ಹೊತ್ತು ಚಿಕಿತ್ಸೆ. ಕಣ್ಣು ಮುಚ್ಚಿ, ಈಗಲೇ ಆಗುತ್ತಿದೆ ಅನ್ನೋ ಹಾಗೆ ಎಲ್ಲ ಹೇಳಬೇಕು. ಅದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಮೊದಲ ವಾರ ಕುರ್ಚಿ ಒದ್ದು ಎದ್ದುಬಂದೆ. ಡಾಕ್ಟರು ಕುರ್ಚಿ ಎತ್ತಿ ನಿಲ್ಲಿಸಿ, "ಮುಂದಿನ ವಾರ ಗಟ್ಟಿಯಾದ್ದು ಹಾಕಿಸ್ತೀನಿ" ಅಂದರು. ಈಗ ಏಳು ವಾರ ಆಯಿತು. ಬ್ರೇಕ್ ಸದ್ದಿಗೆ ಬೆಚ್ಚುತ್ತೇನೆ, ಆದರೆ ಟೇಬಲ್ ಕೆಳಗೆ ಹೋಗಲ್ಲ.

ಇನ್ನು ಮನೆಯವರೊಬ್ಬರ ಎದುರು ಹೇಳಬೇಕಂತೆ. ಅಮ್ಮ ಬರಲ್ಲ. "ಹಳೇದನ್ನ ಕೆದಕಬೇಡ್ವೇ, ನಿದ್ದೆಯಲ್ಲಿದ್ದೆ ತಾನೇ" ಅಂತಾಳೆ. ನನಗೆ ಬೇಕಾದ್ದೂ ಅವಳಲ್ಲ, ನೀನು. ಹತ್ತೊಂಬತ್ತನೇ ತಾರೀಖು, ಗುರುವಾರ, ಹನ್ನೊಂದು ಗಂಟೆ. ಮಧ್ಯೆ ಬಾಯಿ ಹಾಕಬಾರದು, ಎದ್ದು ಹೋಗಬಾರದು. ನೀನು ಬರದಿದ್ದರೆ ಪಿಟೀಲಿನ ಅಮ್ಮನ ಮನೆಗೆ ಹೋಗಿ ಅಲ್ಲೇ ಹೇಳುತ್ತೇನೆ. ಹೆದರಿಸುತ್ತಿಲ್ಲ, ತಿಳಿಸುತ್ತಿದ್ದೇನೆ.

ಬಿ.ಪಿ. ಮಾತ್ರೆ ಬಿಡಬೇಡ. ನೂರು ವರ್ಷ ಬದುಕು. ನಾನು ಬಯ್ಯೋದು ಅಷ್ಟಿದೆ.

ನಿನ್ನ ಮೈಗಳ್ಳಿ ಮಗಳು

ತಾ.ಕ.: ನೀನು ಕಿಟಕಿಯಿಂದ ನನ್ನನ್ನು ಎಳೆಯುವಾಗ ಪಿಟೀಲು ನನ್ನ ಕೈ ಹಿಡಿದಿದ್ದಳು. ನಾನೂ ಹಿಡಿದಿದ್ದೆ. ಪ್ರತಿ ಗುರುವಾರ ಅಲ್ಲಿವರೆಗೆ ಹೇಳಿ ನಿಂತುಬಿಡುತ್ತೇನೆ. ಆಮೇಲೆ ಕೈ ಖಾಲಿ. ಅವಳನ್ನು ಯಾಕೆ ಎಳೆಯಲಿಲ್ಲ ಅಂತ ಕೇಳುತ್ತಿಲ್ಲ, ನೀರು ಎಷ್ಟಿತ್ತು ಅಂತ ನನಗೂ ಗೊತ್ತು. ನನ್ನ ಬೆರಳು ಬಿಡಿಸಿದ್ದು ನೀನಾ ಅಪ್ಪಾ, ಇಲ್ಲ ನಾನೇ ಬಿಟ್ಟೆನಾ? ನೋಡಿದವನು ನೀನೊಬ್ಬನೇ.