ಸೀನನ್ನೂ ಎಣಿಸಿದ ಗಣಿತ ಸ್ಪರ್ಧೆ

ಗುತ್ತಲ, ಫೆಬ್ರುವರಿ ೧೯೮೯

ವಿಶ್ವವಿದ್ಯಾಲಯದ ಪ್ರೌಢಶಾಲಾ ಗಣಿತ ಸ್ಪರ್ಧೆಯ ಸಂಚಾಲಕ ಮಹಾಶಯರೇ,

ಸೀನಿನ ವಿಚಾರಣೆ ನಡೆಸಿ ನಮ್ಮೂರ ಹುಡುಗಿಯ ಉತ್ತರಪತ್ರಿಕೆಯನ್ನು ರದ್ದುಪಡಿಸಿದ್ದೀರಿ. ಗಣಿತದ ಇತಿಹಾಸದಲ್ಲಿ ಮೂಗಿನ ಮೇಲೆ ಜರುಗಿದ ಮೊದಲ ಶಿಸ್ತುಕ್ರಮ ಇದೇ ಇರಬೇಕು. ಅಭಿನಂದನೆಗಳು.

ಮೊದಲ ಸುತ್ತನ್ನು ಬ್ಯಾಡಗಿಯಲ್ಲಿ, ಅದೂ ಮೆಣಸಿನಕಾಯಿ ರಾಶಿಗಳು ಬಿಕರಿಯಾಗುವ ಟೆಂಡರಿನ ದಿನ, ಮಾರುಕಟ್ಟೆಯ ಕಡೆಗೇ ಕಿಟಕಿಗಳಿರುವ ಶಾಲೆಯಲ್ಲಿ ಇಡಬೇಕೆಂದು ನಿಶ್ಚಯಿಸಿದ ಮಹಾಪಂಡಿತರು ಯಾರು? ಬ್ಯಾಡಗಿಯ ಮಕ್ಕಳಿಗೆ ಆ ಘಾಟು ತೊಟ್ಟಿಲಿನಿಂದ ರೂಢಿ, ನಿರಾಳವಾಗಿ ಬರೆಯುತ್ತಿದ್ದರು. ಹಾವೇರಿ, ಅಗಡಿ, ಗುತ್ತಲದಿಂದ ಬಂದವರು ಮಾತ್ರ ಸೀನುತ್ತಿದ್ದರು. ತಾವು ಕಳಿಸಿದ ಮೇಲ್ವಿಚಾರಕರಿಗೆ ಇದರಲ್ಲಿ ಒಳಸಂಚು ಕಂಡಿತು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿರೆಂದ ಪತ್ರಿಕೆಯಲ್ಲವೇ? ನನ್ನ ನೆರೆಮನೆಯ ರಮಜಾನಬಿಯ ಮಗಳು ಹಸೀನಾಬಿ ಉಳಿದೆಲ್ಲ ಮುಗಿಸಿ, ಕೊನೆಗೆ ಬಿಟ್ಟಿದ್ದ ಏಳನೆಯ ಪ್ರಶ್ನೆಗೆ ಮರಳಿದ ಹೊತ್ತಿಗೆ ಮೂರು ಸಲ ಸೀನಿದಳು. ಅವಳ ಜೊತೆಗೆ ಹೋಗಿದ್ದ ನಾನು ವರಾಂಡದಲ್ಲಿ ಬಾಗಿಲೆದುರೇ ಕೂತು ಎಲ್ಲವನ್ನೂ ಕಂಡೆ, ಕೇಳಿಸಿಕೊಂಡೆ. ಮೂರು ಸೀನೆಂದರೆ ಮೂರನೆಯ ಉತ್ತರವೆಂದು ಹಿಂದಿನವರಿಗೆ ಸೂಚನೆ ಕೊಡುತ್ತಿದ್ದೀಯಾ ಎಂದು ಮೇಲ್ವಿಚಾರಕರು ಅವಳನ್ನು ನಿಲ್ಲಿಸಿ ಕೇಳಿದರು. ಕೇಳುತ್ತಲೇ ಅವರೂ ಎರಡು ಸಲ ಸೀನಿದರು.

"ಮೂರನೇದು ತಪ್ಪರಿ ಸರ್, ಎರಡನೇದು ಖರೇ ಐತಿ," ಎಂದಳು ಹುಡುಗಿ. "ತಪ್ಪು ಉತ್ತರ ಹೇಳಿಕೊಡಾಕ ನಾ ಯಾಕ ಇಷ್ಟು ತ್ರಾಸು ತಗೊಂಡು ಸೀನ್ಲಿರಿ?"

ಕೋಣೆಯ ಪೆನ್ನುಗಳೆಲ್ಲ ಎರಡನೆಯ ಉತ್ತರದತ್ತ ಸರಿದವು. ಸೀನಿನ ಆರೋಪ ಅಲ್ಲಿಗೆ ಬಿದ್ದುಹೋಗಿ, ಉತ್ತರವನ್ನು ಬಾಯಿಬಿಟ್ಟು ಸಾರಿದಳೆಂಬ ಹೊಸ ಆರೋಪ ಎದ್ದಿತು. ಪತ್ರಿಕೆ ಕಸಿದುಕೊಂಡರು. ಮಹಾಶಯರೇ, ಸೀನೇ ಸಂಕೇತವೆಂದಾದರೆ ಸರಿಯುತ್ತರವನ್ನು ಮೊದಲು ಬಯಲು ಮಾಡಿದವರು ಯಾರು? ಆ ಎರಡು ಸೀನುಗಳ ಬಗ್ಗೆ ರದ್ದತಿಗೆ ಕಾರಣ ಹೇಳಿ ತಾವು ಕಳಿಸಿದ ವರದಿ ಏಕೆ ಮೌನವಾಗಿದೆ?

ಮರಳುವ ಬಸ್ಸು ಹಾವೇರಿ ದಾಟಿದ ಮೇಲೆ ಹುಡುಗಿ ಎರಡನೆಯ ಸುತ್ತಿನಲ್ಲಿ ಎಂಥ ಲೆಕ್ಕಗಳಿರುತ್ತವೆಂದು ಕೇಳಿದಳು. ಮನೆ ಮುಟ್ಟಿದಾಗ ರಮಜಾನಬಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು: "ಅಣ್ಣಾರ, ಖರೇ ಹೇಳಿದ್ದಕ್ಕ ಹೊರಗ ಹಾಕ್ಯಾರಂದ್ರ, ಸುಳ್ಳು ಕಲಿಸಾಕ ಇಕೀನ್ನ ಯಾವ ಸಾಲಿಗೆ ಹಾಕ್ಲಿರಿ?"

ಅಂಥ ಶಾಲೆಯ ವಿಳಾಸ ತಮ್ಮಲ್ಲಿದ್ದರೆ ತಿಳಿಸಿ. ಇಲ್ಲವಾದರೆ ನನ್ನ ಬೇಡಿಕೆ ಇಷ್ಟೇ: ರದ್ದು ಮಾಡಲೇಬೇಕಿದ್ದರೆ ಏಳನೆಯ ಪ್ರಶ್ನೆಯನ್ನು ಎಲ್ಲರಿಗೂ ರದ್ದು ಮಾಡಿ, ಹುಡುಗಿಯನ್ನಲ್ಲ. ಅವಳ ಉಳಿದ ಉತ್ತರಗಳಿಗೆ ಅಂಕ ಹಾಕಿಸಿ. ಅಂಕ ಸಾಲದಿದ್ದರೆ ನಾವೇ ಸುಮ್ಮನಾಗುತ್ತೇವೆ. ಸಾಕಷ್ಟು ಬಂದಿದ್ದರೆ ಬರುವ ಭಾನುವಾರ ರಾಣೆಬೆನ್ನೂರಿನ ಎರಡನೆಯ ಸುತ್ತಿಗೆ ಅವಳನ್ನು ಕೂರಿಸಿ. ಅವಳ ಬಾಯಿಗೆ ನಾನು ಜಾಮೀನು. ಮೂಗಿಗೆ ಮಾತ್ರ ಆಗಲಾರೆ.

ಇಂತಿ,
ಭಾನುವಾರದ ಮೊದಲ ಬಸ್ಸಿಗೆ ಈಗಲೇ ಸಜ್ಜಾಗಿ ಕೂತ ನೆರೆಮನೆಯವ,
ಮೈಲಾರೆಪ್ಪ